ತಲೆಗೊಂದು ಶಾಖ

ಈ ಸಂಗತಿಯನ್ನು ನಾಲ್ಕು ಜನರ ಮುಂದೆ ಮೊದಲು ಹೇಳಿದವರು ಚನ್ನಗಿರಿಯ ಕೊಟ್ರಮ್ಮ. ಹೇಳಿದ್ದು 1986ರ ಶಿವರಾತ್ರಿಗೆ ಮುಂಚಿನ ಸೋಮವಾರ, ನ್ಯಾಮತಿಯಲ್ಲಿ, ಉಡಚಮ್ಮನವರ ಮನೆಯ ಜಗಲಿಯ ಮೇಲೆ. ಅದಕ್ಕೂ ಮೊದಲು ಏಳು ವರ್ಷಗಳ ಕಾಲ ಇದೇ ಸಂಗತಿ ಬೇರೆ ಬೇರೆ ರೂಪ ತಾಳಿ ಊರಿಂದ ಊರಿಗೆ ಓಡಾಡಿದೆ. ಉಡಚಮ್ಮ ಕೆಲಸದ ನಡುವೆ ತೂಕಡಿಸಿದರು ಎಂಬುದು ಜಗಳೂರಿನವರ ಪಾಠ. ಇಕ್ಕಳದ ಕಬ್ಬಿಣವೇ ಕೆಟ್ಟದ್ದಿತ್ತು ಎಂಬುದು ಹೊನ್ನಾಳಿಯವರ ಪಾಠ. ಈ ಎರಡನ್ನೂ ಹೇಳಿದವರಲ್ಲಿ ಒಬ್ಬರೂ ಆ ದಿನ ಆ ಹಿತ್ತಲಲ್ಲಿ ಇದ್ದವರಲ್ಲ. ಕೊಟ್ರಮ್ಮ ಇದ್ದರು. ಅಂದು ಸುಟ್ಟದ್ದು ಅವರದೇ ತಲೆಯ ಕೂದಲು.

ಆ ಸೋಮವಾರವೂ ಉಡಚಮ್ಮನವರ ದಿನ ಕೋಳಿ ಕೂಗುವ ಹೊತ್ತಿಗೇ ಆರಂಭವಾಗುತ್ತದೆ. ಬೀದಿಯಲ್ಲಿ ಇನ್ನೂ ಮಬ್ಬು. ಜಗಲಿಯ ಮೂಲೆಯಲ್ಲಿಟ್ಟ ಅಗ್ಗಿಷ್ಟಿಕೆಗೆ ಅವರು ಜಾಲಿ ಕಟ್ಟಿಗೆಯ ಇದ್ದಿಲು ತುಂಬಿ, ಕಿಡಿ ಹೊತ್ತಿಸಿ, ಮುರಿದ ಮೊರದ ತುಂಡಿನಿಂದ ಗಾಳಿ ಹಾಕುತ್ತಾರೆ. ಹೊಗೆ ಪೂರ್ತಿ ಅಡಗಿ, ಕೆಂಡದ ಮೇಲೆ ಬೂದಿಯ ತೆಳು ಪದರ ಕಟ್ಟುವವರೆಗೆ ಇಕ್ಕಳ ಒಲೆಗೆ ಇಳಿಯುವುದಿಲ್ಲ. ಹೊಗೆಯಲ್ಲಿ ಕಾದ ಕಬ್ಬಿಣ ಕೂದಲಿಗೆ ಮಸಿ ಹಿಡಿಸುತ್ತದೆ. ಐವತ್ತನಾಲ್ಕು ವರ್ಷದ ಉಡಚಮ್ಮ ಈ ಕಾಯುವಿಕೆಯಲ್ಲಿ ಒಮ್ಮೆಯೂ ಅವಸರಪಟ್ಟವರಲ್ಲ.

ಇಕ್ಕಳಗಳು ಎರಡು. ಒಂದು ಕಾಯುತ್ತಿದ್ದರೆ ಇನ್ನೊಂದು ಕೆಲಸ ಮಾಡುತ್ತದೆ. ಎರಡನ್ನೂ ಸಾಸ್ವೆಹಳ್ಳಿಯ ಕಮ್ಮಾರ ದೊಡ್ಡಣ್ಣ ಹಳೆಯ ಬಂಡಿಯ ಗಾಲಿಗೆ ಹಾಕಿದ್ದ ಪಟ್ಟಿಯಿಂದ ಬಡಿದುಕೊಟ್ಟದ್ದು. ತುದಿಯಲ್ಲಿ ಎರಡು ಬೆರಳಗಲದ ನುಣುಪಾದ ಚಪ್ಪಟೆ ಹಲಗೆಗಳು; ಹಿಡಿಗೆ ಗೋಣಿದಾರದ ಸುತ್ತು. ಗುಂಗುರು ಕೂದಲನ್ನು ಈ ಎರಡು ಹಲಗೆಗಳ ನಡುವೆ ಹಿಡಿದು, ಬುಡದಿಂದ ಎರಡು ಬೆರಳು ಬಿಟ್ಟು, ತುದಿಯವರೆಗೆ ನಿಧಾನವಾಗಿ ಎಳೆದರೆ ಸುರುಳಿ ಬಿಚ್ಚಿ ನೆಟ್ಟಗಾಗುತ್ತದೆ. ಕೇಳಲು ಇಷ್ಟೇ. ಇಕ್ಕಳದ ಕೆಳಗೆ ಎಡಗೈಯ ಮರದ ಬಾಚಣಿಗೆ ಜೊತೆಜೊತೆಗೇ ಸಾಗಬೇಕು. ನೆತ್ತಿಗೆ ಬಿಸಿ ತಾಗದಂತೆ ಕಾಯುವುದು ಅದೇ. ಕೂದಲಲ್ಲಿ ಎಣ್ಣೆಯ ಪಸೆ ಇರಬಾರದು, ನೀರಿನ ತೇವವೂ ಇರಬಾರದು.

ಮೊದಲ ಬಸ್ಸಿಗೆ ಬಂದ ಅಂತರಘಟ್ಟಮ್ಮ ಗೋಣಿತಾಟಿನ ಮೇಲೆ ಬೆನ್ನು ತಿರುಗಿಸಿ ಕೂರುತ್ತಾಳೆ. ಸಾಸ್ವೆಹಳ್ಳಿಯ ಹುಡುಗಿ, ಅಂಗನವಾಡಿ ಕೆಲಸದ ಅರ್ಜಿಗೆ ಅಂಟಿಸುವ ಫೋಟೊ ತೆಗೆಸಬೇಕಾಗಿದೆ.

"ಎಣ್ಣೆ ಹಚ್ಚಿಲ್ಲ ತಾನೆ?"

"ಇಲ್ಲವ್ವ. ನಿನ್ನೇನೇ ಸೀಗೆಕಾಯಿ ಹಾಕ್ಕಂಡು ತೊಳ್ದೀನಿ. ಆದ್ರೂ ನೋಡು, ಈ ತಲೆ ಕಂಡ್ರೆ ನಮ್ಮನೆ ಕುರಿ ಸೈತ ನಂಟಸ್ತನ ಹೇಳ್ಕಂಡು ಬರ್ತೈತೆ."

"ಬಂದ್ರೆ ಕುಂದ್ರಿಸಿ ಕಾಫಿ ಕೊಡು. ಈಗ ಕತ್ತು ಅಲ್ಲಾಡಿಸ್ಬ್ಯಾಡ. ತಲೆ ನೆಟ್ಟಗೆ ಮಾಡಾಕೆ ಇಕ್ಕಳ ಐತೆ, ಬಾಯಿ ನೆಟ್ಟಗೆ ಮಾಡಾಕೆ ಇಲ್ಲ."

ಸರದಿಗೆ ಕಾದು ಕುಳಿತ ಮೂವರು ಹೆಂಗಸರು ನಗುತ್ತಾರೆ. ಉಡಚಮ್ಮ ನಗುವುದಿಲ್ಲ, ಕೆಲಸದ ಮೊದಲ ಹೆಜ್ಜೆಯಲ್ಲಿ ಅವರು ನಗುವುದೇ ಇಲ್ಲ. ತಮ್ಮ ಕೈಯಾರೆ ಅಂತರಘಟ್ಟಮ್ಮನ ತಲೆ ಬಾಚಿ, ಬಾಚಣಿಗೆಗೆ ಸಿಕ್ಕಿ ಬಂದ ಕೂದಲನ್ನು ಅವಳ ಕಣ್ಣೆದುರಿಗೇ ಬಿಡಿಸಿ, ಬೆರಳಿಗೆ ಸುತ್ತಿ ಚಿಕ್ಕ ಉಂಡೆ ಮಾಡುತ್ತಾರೆ. ಕೆಂಡದಿಂದ ತೆಗೆದ ಇಕ್ಕಳವನ್ನು ಗಾಳಿಗೆ ಹಿಡಿದು, ಅದರ ಶಾಖ ಇಳಿಯುತ್ತಿದ್ದಂತೆ ಎಣಿಸುತ್ತಾರೆ. ಇಪ್ಪತ್ತಕ್ಕೆ ಉಂಡೆಯ ಒಂದೆಳೆಯನ್ನು ಹಲಗೆಗೆ ತಾಗಿಸುತ್ತಾರೆ. ಎಳೆ ಮುದುರಿ ಸೀಯುತ್ತದೆ. ಮೂವತ್ತಕ್ಕೆ ಇನ್ನೊಂದು. ಮೂವತ್ತೈದಕ್ಕೆ ತಾಗಿಸಿದ ಎಳೆ ಸೀಯದೆ ನೀಳವಾಗಿ ಮಲಗುತ್ತದೆ. ಇನ್ನು ಈ ತಲೆ ಮುಗಿಯುವವರೆಗೆ ಕೆಂಡದಿಂದ ತೆಗೆದಾಗಲೆಲ್ಲ ಮೂವತ್ತೈದು ಎಣಿಸಿಯೇ ಕೂದಲಿಗೆ ಇಕ್ಕಳ. ದಪ್ಪ ಎಳೆಗೆ ಇಪ್ಪತ್ತು ಸಾಕು. ರೇಷ್ಮೆಯಂಥ ಎಳೆಗೆ ನಲವತ್ತು ಬೇಕು. ಕೆಲಸ ಮುಗಿದ ಮೇಲೆ ಉಳಿದ ಉಂಡೆಯನ್ನು ಕೂದಲ ಒಡತಿಯ ಅಂಗೈಯಲ್ಲೇ ಇಟ್ಟು ಕಳಿಸುತ್ತಾರೆ. ಈ ಕ್ರಮವನ್ನು ಅವರು ಯಾರಿಗೂ ಯಾವ ಕಾರಣಕ್ಕೂ ಸಡಿಲಿಸುವುದಿಲ್ಲ.

"ಇಷ್ಟು ವರ್ಷ ಆತು, ಮುಟ್ಟಿದ್ರೆ ಗೊತ್ತಾಗಾಕಿಲ್ವೇನವ್ವ?" ಕಾದು ಕುಳಿತವರಲ್ಲೊಬ್ಬಳು ಕೇಳುತ್ತಾಳೆ.

"ಗೊತ್ತಾಗ್ತೈತೆ," ಎನ್ನುತ್ತಾರೆ ಉಡಚಮ್ಮ. "ಗೊತ್ತಾಗಿದ್ರೂ ಒಂದ್ಸಲ ಸುಮ್ನಿದ್ದೆ." ಇಕ್ಕಳವನ್ನು ಮತ್ತೆ ಕೆಂಡಕ್ಕೆ ಇಳಿಸುತ್ತಾರೆ.

ಒಂದು ತಲೆಯಲ್ಲಿ ಎಂಬತ್ತರಿಂದ ನೂರು ಕುಚ್ಚು. ಒಂದೊಂದು ಕುಚ್ಚಿಗೂ ಇಕ್ಕಳ ಮೂರು ಸಲ ಹರಿಯಬೇಕು. ಎರಡೂವರೆ ತಾಸಿಗೆ ಕಡಿಮೆಯಿಲ್ಲ. ದಿನಕ್ಕೆ ಮೂರೇ ತಲೆ. ನಾಲ್ಕನೆಯದನ್ನು ಒಪ್ಪಿಕೊಂಡರೆ ಸಂಜೆಗೆ ಬೆರಳು ನಡುಗುತ್ತವೆ. ಇಷ್ಟೆಲ್ಲ ಮಾಡಿದ ನೀಳಗೂದಲು ಮತ್ತೊಮ್ಮೆ ನೀರು ಸೋಕುವವರೆಗೆ ಮಾತ್ರ. ಅದನ್ನೂ ಅವರು ಮೊದಲೇ ಹೇಳಿಬಿಡುತ್ತಾರೆ: "ಮಳೆ ಬಂದ್ರೆ ಮಳೆನ ಬೈರಿ, ನನ್ನ ಬೈಬ್ಯಾಡ್ರಿ." ಬಲಗೈಯ ಹೆಬ್ಬೆರಳಿನ ಬದಿಯಲ್ಲಿ ಸುಟ್ಟ ಗುರುತುಗಳು ಒಂದರ ಮೇಲೊಂದು ಕೂತು ಚರ್ಮ ಚಪ್ಪಲಿಯ ಅಟ್ಟೆಯಂತೆ ಗಟ್ಟಿಯಾಗಿದೆ.

ಅವರು ಈ ವಿದ್ಯೆ ಕಲಿತದ್ದು ತಲೆಗಳ ಮೇಲಲ್ಲ. 1961ರಲ್ಲಿ ಹೊನ್ನಾಳಿಯಲ್ಲಿ ಒಂದು ನಾಟಕ ಕಂಪನಿ ಐದು ತಿಂಗಳು ಮೊಕ್ಕಾಂ ಮಾಡಿತ್ತು. ನೀರು ಸೇದಿ ಹಾಕಲು, ಬಟ್ಟೆ ಒಗೆಯಲು ಉಡಚಮ್ಮ ಅಲ್ಲಿ ಕೂಲಿಗೆ ಹೋದರು. ರಾಣಿಪಾತ್ರದ ವಿಗ್ಗುಗಳನ್ನು ಕಾದ ಇಕ್ಕಳದಿಂದ ನೇರ ಮಾಡುತ್ತಿದ್ದ ಯರ್ರಿಸ್ವಾಮಿ ಎಂಬ ಮುದುಕರು ಈ ಹೆಣ್ಣುಮಗಳ ಕಣ್ಣಿನ ಆಸೆಯನ್ನು ಕಂಡು ಒಂದು ಹರಿದ ವಿಗ್ಗು ಕೊಟ್ಟು ಮಾಡಲು ಬಿಟ್ಟರು. "ವಿಗ್ ಸುಟ್ರೆ ಇನ್ನೊಂದು ಕಟ್ಟಬಹುದು. ತಲೆ ಸುಟ್ರೆ ಏನು ಕಟ್ತೀ, ಅನ್ನೋರು," ಎಂದು ಉಡಚಮ್ಮ ಈಗಲೂ ನೆನೆಯುತ್ತಾರೆ. ಉಂಡೆಯ ಮೇಲೆ ಶಾಖ ನೋಡುವ ಕ್ರಮ ಮಾತ್ರ ಅವರು ತಾವೇ ಕಂಡುಕೊಂಡದ್ದು.

ಮೊದಲು ಮಗಳು ಮೂಕಮ್ಮನ ತಲೆ, ಆಮೇಲೆ ಓಣಿಯವರದು, ಆಮೇಲೆ ಕತ್ತಲಗೆರೆ, ಉಬ್ರಾಣಿಯವರದು. ಗಂಡ ಪಾಪಣ್ಣ 1974ರಲ್ಲಿ ತೀರಿಕೊಂಡ ಮೇಲೆ ಈ ಕೆಲಸವೇ ಮನೆಯ ಆಧಾರವಾಯಿತು. ಹೆಣ್ಣು ನೋಡಲು ಬರುವವರಿದ್ದಾರೆಂದು ಕರೆ ಬಂದರೆ ಇಕ್ಕಳ, ಬಾಚಣಿಗೆ, ಒಂದು ಚೀಲ ಇದ್ದಿಲು ಹೊತ್ತು ಬಸ್ಸು ಹತ್ತುತ್ತಿದ್ದರು. ಮೂರು ವರ್ಷದ ಹಿಂದೆ ಯಾರೋ ಮುಂಬಯಿಯಿಂದ ಕರೆಂಟಿನ ಇಕ್ಕಳ ತಂದು ಅವರಿಗೆ ತೋರಿಸಿದರು. ಹಿಡಿದು ನೋಡಿ, ಮೆಚ್ಚಿ, ಹಿಂದಕ್ಕೆ ಕೊಟ್ಟರು. "ಚೆಂದ ಐತೆ, ಹಗುರ ಐತೆ. ಆದ್ರೆ ಅದಕ್ಕೆ ಒಂದೇ ಶಾಖ ಗೊತ್ತು. ತಲೆ ಒಂದೇ ಥರ ಇರಾಕಿಲ್ವಲ್ಲ."

ಅಂತರಘಟ್ಟಮ್ಮನ ತಲೆ ಮುಗಿಯುವ ಹೊತ್ತಿಗೆ, ಒಂಬತ್ತರ ಸುಮಾರಿಗೆ, ಚನ್ನಗಿರಿ ಕಡೆಯಿಂದ ಬಂದ ಬಸ್ಸಿನಿಂದಿಳಿದ ಹೆಂಗಸೊಬ್ಬರು ಮನೆ ಕೇಳಿಕೊಂಡು ಬರುತ್ತಾರೆ. ವಯಸ್ಸು ಇಪ್ಪತ್ತಾರು ಇರಬಹುದು. ಕಾಲಲ್ಲಿ ಹೊಸ ಚಪ್ಪಲಿ, ಕೈಯಲ್ಲಿ ಬುಟ್ಟಿಚೀಲ, ತಲೆಯ ತುಂಬ ಗುಂಗುರು. ಉಡಚಮ್ಮ ಮುಖ ನೋಡಿ ಗುರುತಿಸುವುದಿಲ್ಲ. ಬಲಗಿವಿಯ ಹಿಂದೆ ನಾಲ್ಕು ಬೆರಳಗಲ ಕೂದಲು ಉಳಿದದ್ದಕ್ಕಿಂತ ಗಿಡ್ಡವಾಗಿ, ಜಡೆಗೆ ಸೇರದೆ ನಿಂತಿರುವುದನ್ನು ನೋಡಿ ಗುರುತಿಸುತ್ತಾರೆ. ಕೈಯ ಇಕ್ಕಳವನ್ನು ಕೆಳಗಿಡುತ್ತಾರೆ.

"ಉಡಚಮ್ಮಾರೆ, ನನ್ನ ಗುರ್ತು ಸಿಕ್ತೇನ್ರಿ? ಜಗಳೂರು ಬೆನಕಪ್ಪಾರ ಮಗಳು, ಕೊಟ್ರಮ್ಮ."

"ಸಿಕ್ತು, ಅವ್ವಾರೆ. ಒಳಗೆ ಬರ್ರಿ, ಒಳಗೆ ಮಾತಾಡಾನ."

"ಒಳಗೆ ಬ್ಯಾಡ್ರಿ. ನಾಕು ಜನದ ಮುಂದೆ ಹೇಳ್ಬೇಕು ಅಂದಾಳೆ ನಮ್ಮವ್ವ." ಜಗಲಿಯ ಮೇಲಿನ ತಲೆಗಳನ್ನು ಕಣ್ಣಲ್ಲೇ ಎಣಿಸಿ, ಕೊಟ್ರಮ್ಮ ಆ ಹೆಂಗಸರ ಸಾಲಿನಲ್ಲಿ ಕೂತುಬಿಡುತ್ತಾರೆ. "ಸರಿಯಾಗಿ ನಾಕು ಜನ ಅದೀರಿ. ಕೇಳ್ರಿ."

ಅವರು ಹೇಳಿದ್ದು, ಉಡಚಮ್ಮ ನಡುನಡುವೆ ತಿದ್ದಿದ್ದು, ಎರಡೂ ಸೇರಿ ಸಂಗತಿ ಹೀಗಿದೆ.

1979ರ ಮಾಘಮಾಸ. ಜಗಳೂರಿನ ಶೇಂಗಾ ವ್ಯಾಪಾರಿ ಬೆನಕಪ್ಪನವರ ಮಗಳನ್ನು ನೋಡಲು ಗುರುವಾರ ಗಂಡಿನ ಕಡೆಯವರು ಬರುವವರಿದ್ದರು. ಜಡೆ ಬಿಚ್ಚಿಸಿ ಕೂದಲ ಉದ್ದ ನೋಡುವುದು ಆ ಮನೆತನದ ಹೆಂಗಸರ ರೂಢಿ. ತಾಯಿ ಕಲ್ಲಮ್ಮನವರ ತವರು ಹೊನ್ನಾಳಿ. ಅಲ್ಲಿ ಉಡಚಮ್ಮನ ಹೆಸರು ಕೇಳಿದ್ದ ಅವರು ಬುಧವಾರ ಕರೆಸಿದರು. ಉಡಚಮ್ಮ ಹಿತ್ತಲ ಬಾಗಿಲಿನಿಂದ ಬಂದು, ಬಾವಿಕಟ್ಟೆಯ ಆಚೆ ಅಗ್ಗಿಷ್ಟಿಕೆ ಹೂಡಿದರು. ಆ ಮನೆಯಲ್ಲಿ ಅವರ ಜಾತಿಯವರಿಗೆ ಅದಕ್ಕಿಂತ ಒಳಗೆ ಜಾಗವಿರಲಿಲ್ಲ. ತಲೆ ಬಾಚುವುದು, ಕುಚ್ಚು ಬಿಡಿಸುವುದು ಎಲ್ಲವನ್ನೂ ತಾಯಿಯೇ ಮಾಡುವುದೆಂದೂ, ಉಡಚಮ್ಮನದು ತಾಯಿ ಬಿಡಿಸಿಕೊಟ್ಟ ಕುಚ್ಚಿಗೆ ಇಕ್ಕಳ ಹಿಡಿಯುವುದಷ್ಟೇ ಎಂದೂ ಮೊದಲೇ ಮಾತಾಗಿತ್ತು.

ಆ ಕಾಲದಲ್ಲಿ ಉಡಚಮ್ಮ ಶಾಖ ನೋಡಲು ಬೇಕಾದ ಕೂದಲ ಉಂಡೆಯನ್ನು ಮನೆಯವರಿಂದಲೇ ಕೇಳಿ ಪಡೆಯುತ್ತಿದ್ದರು. ಎಲ್ಲ ಮನೆಗಳಲ್ಲೂ ಅದು ಇದ್ದೇ ಇರುತ್ತದೆ. ಬಾಚಿದಾಗ ಬಂದ ಕೂದಲನ್ನು ಸುತ್ತಿ ಗೋಡೆಯ ಸಂದಿಗೆ ಸಿಕ್ಕಿಸುವುದು ಈ ಸೀಮೆಯ ವಾಡಿಕೆ. ಬೀದಿಗೆ ಎಸೆಯುವುದಿಲ್ಲ. ಮದುವೆಯಾಗದ ಹುಡುಗಿಯ ಕೂದಲು ಪರರ ಕೈ ಸೇರಿದರೆ ಮಾಟ ಮಾಡಿಸುತ್ತಾರೆಂಬ ಅಂಜಿಕೆ.

ಕಲ್ಲಮ್ಮನವರಿಗೂ ಆ ಅಂಜಿಕೆ ಇತ್ತು. ನಾಳೆ ನೋಡಲು ಬರುವವರಿದ್ದಾರೆ; ಇಂದು ಮಗಳ ಕೂದಲನ್ನು ಗುರುತಿಲ್ಲದ ಹೆಂಗಸಿನ ಕೈಗಿಡುವುದು ಹೇಗೆ? ಅವರು ಸಂದಿಯಿಂದ ತಮ್ಮದೇ ಕೂದಲ ಉಂಡೆ ತೆಗೆದು, "ಹುಡುಗಿದು" ಎಂದು ಕೊಟ್ಟರು. ತಾಯಿಯದೂ ಗುಂಗುರೇ, ಕಪ್ಪೇ. ಆದರೆ ತಾಯಿಯದು ಕುದುರೆ ಬಾಲದಂಥ ದಪ್ಪ ಎಳೆ, ಮಗಳದು ರೇಷ್ಮೆ.

ಇಪ್ಪತ್ತು ಎಣಿಸಿದರೆ ಸಾಕೆಂದು ಆ ಉಂಡೆ ಹೇಳಿತು. ಉಡಚಮ್ಮ ಇಪ್ಪತ್ತೇ ಎಣಿಸಿದರು. ತಲೆಯ ಹಿಂಭಾಗದ ಕೂದಲು ಗಟ್ಟಿ. ಅದು ಹೇಗೋ ತಾಳಿಕೊಂಡಿತು. ಅರ್ಧ ತಲೆ ಮುಗಿದು ಬಲಗಿವಿಯ ಹಿಂದಿನ ಎಳಸು ಕೂದಲಿಗೆ ಬಂದಾಗ ಚುರ್ ಎಂದಿತು. ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಕುಚ್ಚು ಇಕ್ಕಳದ ಜೊತೆಗೇ ಕಳಚಿ ಬಂತು. ಹುಡುಗಿ ಕಿವಿ ಹಿಡಿದುಕೊಂಡು ಅತ್ತಳು. ಬೆನಕಪ್ಪನವರು ಅಂಗಡಿಯಿಂದ ಓಡಿಬಂದರು.

ಉಡಚಮ್ಮ ಒಂದು ಕೈಯಲ್ಲಿ ಸುಟ್ಟ ಕುಚ್ಚನ್ನೂ ಇನ್ನೊಂದು ಕೈಯಲ್ಲಿ ಉಂಡೆಯನ್ನೂ ಹಿಡಿದು ಬೆರಳಾಡಿಸಿ ನೋಡಿದರು. ಕಣ್ಣೆತ್ತಿ ಕಲ್ಲಮ್ಮನವರ ಮುಖ ನೋಡಿದರು. ಆ ಮುಖದಲ್ಲಿ ರಕ್ತವಿರಲಿಲ್ಲ.

"ಯಾರ ತಪ್ಪಿದು? ಹೇಳ್ರಿ, ಯಾರ ತಪ್ಪು?" ಬೆನಕಪ್ಪನವರು ಕೂಗಿದರು. ಕೂಗಿದ್ದು ಹೆಂಡತಿಯ ಕಡೆ ತಿರುಗಿ. ಈ ಹೆಂಗಸನ್ನು ಕರೆಸುವುದು ಬೇಡವೆಂದು ಅವರು ಮೊದಲೇ ಅಂದಿದ್ದರು.

"ನಂದೇ ಕೈ ತಪ್ತು, ಸಾವ್ಕಾರ್ರೆ," ಎಂದರು ಉಡಚಮ್ಮ.

ಇಕ್ಕಳ ಗೋಣಿಯಲ್ಲಿ ಸುತ್ತಿಕೊಂಡು ಹೊರಡುವಾಗ, ಉಳಿದ ಉಂಡೆಯನ್ನು ಹುಡುಗಿಯ ಕೈಗೆ ಕೊಡಲಿಲ್ಲ. ತಾಯಿಯ ಸೆರಗಿಗೆ ಹಾಕಿ, "ಇದು ನಿಮ್ಮದು, ಅವ್ವಾರೆ. ಜೋಪಾನ," ಎಂದರು. ಅದರ ಅರ್ಥ ಅಲ್ಲಿ ಒಬ್ಬರಿಗೆ ಮಾತ್ರ ತಿಳಿಯಿತು.

ಮರುದಿನ ಬಂದವರು ಜಡೆ ಬಿಚ್ಚಿಸಿ ನೋಡಿ, ಕಾಗದ ಬರೆಯುತ್ತೇವೆಂದು ಹೋದರು. ಕಾಗದ ಬರಲಿಲ್ಲ. ಬೆನಕಪ್ಪನವರ ಸಿಟ್ಟು ಜಗಳೂರಿನ ಸಂತೆಗೆ ಬಂತು. ಸಂತೆಯಿಂದ ಬಸ್ಸು ಹತ್ತಿ ಹೊನ್ನಾಳಿ, ಚನ್ನಗಿರಿ ಮುಟ್ಟಿತು. ಉಡಚಮ್ಮನನ್ನು ಒಂದೂವರೆ ವರ್ಷ ಯಾರೂ ಕರೆಯಲಿಲ್ಲ. ಅವರು ಭತ್ತದ ನಾಟಿಗೆ, ಕಳೆ ಕೀಳಲು ಹೋದರು. ಮಗಳು ಮೂಕಮ್ಮ ಒಂದು ದಿನ ಕೆಸರುಗಾಲಲ್ಲೇ ನಿಂತು ಕೇಳಿದಳು: "ನಿಂದಲ್ದ ತಪ್ಪು ಯಾಕವ್ವ ಹೊತ್ಕಂಡೆ?"

ಅದಕ್ಕೆ ಉಡಚಮ್ಮ ಅಂದು ಕೊಟ್ಟ ಉತ್ತರವನ್ನೇ ಈ ಜಗಲಿಯ ಮೇಲೂ ಕೊಡುತ್ತಾರೆ. "ಹೇಳಿದ್ರೆ ನನ್ನ ಮಾತು ಯಾರು ನಂಬ್ತಿದ್ರು? ನಂಬಿದ್ರು ಅಂತ್ಲೇ ಇಟ್ಕ. ನಾನು ಬಸ್ ಹತ್ತಿ ಬರೋಳು. ಆ ಯಮ್ಮ ಅದೇ ಮನೇಲಿ, ಅದೇ ಗಂಡನ ಮುಂದೆ, ಅದೇ ಮಗಳ ಮುಂದೆ ದಿನಾ ಬಾಳ್ಬೇಕಲ್ಲ." ಮತ್ತೆ ಹೇಳುತ್ತಾರೆ. "ಇನ್ನೊಂದು ಐತೆ, ಕೇಳ್ರಿ. ಮೊದಲ್ನೇ ಕುಚ್ಚು ಹಿಡಿದಾಗ್ಲೇ ನನ್ನ ಕೈಗೆ ಅನುಮಾನ ಬಂದಿತ್ತು. ಬಾಯಿಗೆ ತರ್ಲಿಲ್ಲ. ದೊಡ್ಡ ಮನೆ, ಏನು ಕೇಳೋದು ಅಂತ ಅಂಜಿದೆ. ಅಂಜಿದ್ದು ನನ್ನ ತಪ್ಪೇ ತಾನೆ?"

ಈಗ ಅವರು ಯಾರ ಉಂಡೆಯನ್ನೂ ಕೇಳಿ ಪಡೆಯದೆ, ತಾವೇ ಬಾಚಿ ತಾವೇ ಸುತ್ತಿಕೊಳ್ಳುವುದು ಆ ಅಂಜಿಕೆಯನ್ನು ಗೆದ್ದ ಗುರುತು. ತಲೆ ಮುಟ್ಟಗೊಡದ ಮನೆಗೆ ಅವರು ಹೋಗುವುದನ್ನೇ ಬಿಟ್ಟರು. ಬೇಕಾದವರು ಈ ಜಗಲಿಗೆ ಬರುತ್ತಾರೆ.

ಕೊಟ್ರಮ್ಮ 1981ರಲ್ಲಿ ಚನ್ನಗಿರಿಯ ಜಯದೇವಪ್ಪನವರನ್ನು ಮದುವೆಯಾದರು, ಗುಂಗುರು ಕೂದಲಲ್ಲೇ. ಸುಟ್ಟ ಜಾಗದಲ್ಲಿ ಕೂದಲು ಮತ್ತೆ ಬಂತು, ಪೂರ್ತಿ ಉದ್ದಕ್ಕೆ ಬೆಳೆಯಲಿಲ್ಲ. ಹೋದ ವರ್ಷ ಯುಗಾದಿಯ ಹೊತ್ತಿಗೆ ತಾಯಿ ಹಾಸಿಗೆ ಹಿಡಿದರು.

"ತೀರ್ಕಳಾಕೆ ಎಂಟು ದಿನ ಮುಂಚೆ ನನ್ನ ಕರ್ದು, ಟ್ರಂಕು ತೆಗೆ ಅಂದ್ಲು," ಎನ್ನುತ್ತಾರೆ ಕೊಟ್ರಮ್ಮ. "ಅಡೀಗೆ ಕುಪ್ಪಸದ ಬಟ್ಟೇಲಿ ಸುತ್ತಿ ಆ ಉಂಡೆ ಇಟ್ಟಿದ್ಲು. 'ಇದು ನಂದು ಕಣೆ ಕೊಟ್ರಿ, ನಿಂದಲ್ಲ. ಉಡಚಮ್ಮಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಹೆಸರು ಎತ್ಲಿಲ್ಲ. ನೀನು ಹೋಗಿ ನಾಕು ಜನದ ಮುಂದೆ ಹೇಳಿ ಬಾ,' ಅಂದ್ಲು. ಹೂಂ ಅಂದೆ. ಅಂದೋಳು ಹನ್ನೊಂದು ತಿಂಗಳು ಬರ್ಲಿಲ್ಲ ನೋಡ್ರಿ. ಸತ್ತೋರ ತಪ್ಪು ಹೆಂಗೆ ಹೇಳೋದು ಅಂತ ಒಂದು ಕಡೆ. ಹಳೇದು ಯಾಕೆ ಕೆದಕ್ತೀ ಅಂತ ನಮ್ಮನೆಯವ್ರು ಇನ್ನೊಂದು ಕಡೆ."

ಉಡಚಮ್ಮ ಸೆರಗಿನಿಂದ ಮುಖ ಒರೆಸಿಕೊಂಡು, ಕೆಂಡ ಕೆದಕಿ, ಎರಡು ತುಂಡು ಇದ್ದಿಲು ಹಾಕುತ್ತಾರೆ.

"ಕಲ್ಲಮ್ಮಾರು ಇನ್ನೂ ಇಟ್ಕಂಡಿದ್ರಾ ಅದನ್ನ?" ಎಂದಷ್ಟೇ ಕೇಳುತ್ತಾರೆ.

"ಇಟ್ಕಂಡಿದ್ಲು. ಅವಳ ಜೊತೆಗೇ ಮಣ್ಣಿಗೆ ಹಾಕಿದ್ವಿ." ಕೊಟ್ರಮ್ಮ ಜಡೆಯ ದಾರ ಬಿಚ್ಚುತ್ತಾರೆ. "ಉಡಚಮ್ಮಾರೆ, ಅರ್ಧ ತಲೆ ಬಾಕಿ ಐತಲ್ರಿ ನಿಮ್ದು. ಮುಗಿಸ್ರಿ."

"ಎಷ್ಟು ಚೆಂದ ಅದಾವೆ ಈ ಸುರುಳಿ. ಯಾಕ್ರಿ ಸುಮ್ನೆ?"

"ಚೆಂದಕ್ಕಲ್ರಿ. ನಿಮ್ಮ ಕೈಲಿ ಮುಗೀಲಿ ಅಂತ."

ಸರದಿಯಲ್ಲಿ ಮುಂದಿದ್ದವಳು ಜರುಗಿ ಜಾಗ ಬಿಡುತ್ತಾಳೆ. ಕೊಟ್ರಮ್ಮ ತಾಟಿನ ಮೇಲೆ ಬೆನ್ನು ತಿರುಗಿಸಿ ಕೂರುತ್ತಾರೆ. ಉಡಚಮ್ಮ ಮೊಟ್ಟಮೊದಲ ಬಾರಿಗೆ ಆ ತಲೆಯ ಮೇಲೆ ಪೂರ್ತಿ ಅಂಗೈ ಇಡುತ್ತಾರೆ. ಬಾಚುತ್ತಾರೆ, ಉಂಡೆ ಸುತ್ತುತ್ತಾರೆ. ಇಪ್ಪತ್ತು, ಮೂವತ್ತು, ಮೂವತ್ತೈದು. ಎಳೆ ಸೀಯುತ್ತದೆ. ನಲವತ್ತು. ಮಲಗುತ್ತದೆ. "ನಲವತ್ತು," ಎಂದು ಅವರು ಗಟ್ಟಿಯಾಗಿ ಹೇಳುತ್ತಾರೆ, ಎಲ್ಲರಿಗೂ ಕೇಳಲಿ ಎನ್ನುವಂತೆ. "ಇದು ನಲವತ್ತರ ತಲೆ."

ಎರಡೂವರೆ ತಾಸು ಹಿಡಿಯುತ್ತದೆ. ಕಿವಿಯ ಹಿಂದಿನ ಗಿಡ್ಡ ಕುಚ್ಚಿಗೆ ಬಂದಾಗ ಇಕ್ಕಳ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತದೆ. ಉಡಚಮ್ಮ ಮತ್ತೊಮ್ಮೆ ಎಣಿಸುತ್ತಾರೆ. ಈ ಸಲ ನಲವತ್ತೈದು. ಕೊಟ್ರಮ್ಮ ಕತ್ತು ಅಲ್ಲಾಡಿಸುವುದಿಲ್ಲ. ಕುಚ್ಚು ಒಂದೆಳೆಯೂ ಸೀಯದೆ ಇಳಿದು ಭುಜದ ಮೇಲೆ ಒರಗುತ್ತದೆ.

ಕೆಲಸ ಮುಗಿಸಿ ಉಡಚಮ್ಮ ಎಂದಿನಂತೆ ಉಂಡೆಯನ್ನು ಒಡತಿಯ ಕೈಗಿಡಲು ಹೋಗುತ್ತಾರೆ. ಕೊಟ್ರಮ್ಮ ಅವರ ಬೆರಳುಗಳನ್ನು ಉಂಡೆಯ ಸುತ್ತ ಮಡಚುತ್ತಾರೆ.

"ನಿಮ್ಮ ಹತ್ರನೇ ಇರ್ಲಿ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತಲೆಗೂದಲನ್ನು ಪರರ ಮನೆಯಲ್ಲಿ ಬಿಟ್ಟುಹೋಗುವುದನ್ನು ಅವರಲ್ಲಿ ಯಾರೂ ಕಂಡಿಲ್ಲ, ಕೇಳಿಲ್ಲ. ಉಡಚಮ್ಮ ಎದ್ದು, ಬಾಗಿಲ ಪಕ್ಕದ ಗೋಡೆಯಲ್ಲಿ ತಮ್ಮ ಮತ್ತು ಮಗಳ ಕೂದಲು ಸಿಕ್ಕಿಸುವ ಸಂದಿಗೆ ಅದನ್ನೂ ಸೇರಿಸುತ್ತಾರೆ.

"ಜಗಳೂರಾಗೆ ಇದನ್ನ ಹೇಳ್ತೀನ್ರಿ," ಎನ್ನುತ್ತಾರೆ ಕೊಟ್ರಮ್ಮ. "ನಮ್ಮಪ್ಪಗೂ ಹೇಳ್ತೀನಿ. ಮತ್ತೇನು ಬೇಕು ಕೇಳ್ರಿ."

"ಏನೂ ಬ್ಯಾಡವ್ವ." ಈ ಸಲ ಅವರು 'ಅವ್ವಾರೆ' ಎನ್ನುವುದಿಲ್ಲ. "ತೂಕಡಿಸಿದ್ಲು ಅಂತಾರಂತೆ ಅಲ್ಲಿ. ಅದೊಂದು ಸುಳ್ಳು ಅಂತ ಹೇಳು. ಕೆಂಡದ ಮುಂದೆ ಕುಂತು ನಾನು ಯಾವತ್ತೂ ತೂಕಡಿಸಿಲ್ಲ."

ಹೊತ್ತು ನೆತ್ತಿಗೇರಿದೆ. ಜಾಗ ಬಿಟ್ಟವಳು ತನ್ನ ಸರದಿಗೆ ತಾಟಿನ ಮೇಲೆ ಕೂರುತ್ತಾಳೆ; ಉಳಿದ ಇಬ್ಬರು ನಾಳೆ ಬರುತ್ತೇವೆಂದು ಏಳುತ್ತಾರೆ. ಫೋಟೊಕ್ಕೆ ಹೊತ್ತಾಯಿತೆಂದು ಅಂತರಘಟ್ಟಮ್ಮ ಜಡೆಯನ್ನು ಎದೆಯ ಮೇಲೆ ಹಾಕಿಕೊಂಡು ಹೊರಡುತ್ತಾಳೆ. ಕೊಟ್ರಮ್ಮ ಬಿಸಿಲಿಗೆ ಸೆರಗು ಹೊದ್ದು ಬಸ್‌ಸ್ಟ್ಯಾಂಡಿನ ಕಡೆ ತಿರುಗುತ್ತಾರೆ. ಆ ಇಬ್ಬರಲ್ಲಿ ಕೊನೆಗೆ ಎದ್ದವಳು ಬೀದಿಗಿಳಿಯುವ ಮೊದಲು ಬಾಗಿಲ ಪಕ್ಕದ ಗೋಡೆಯ ಆ ಸಂದಿಯ ಮುಂದೆ ಒಂದು ಗಳಿಗೆ ನಿಂತು ನೋಡಿ, ಮನೆಯ ದಾರಿ ಹಿಡಿಯುತ್ತಾಳೆ.